"ಎಡಗೈ ತಾನೆ, ಬಿಡಿ" ಅಂದರು: 74ರ ಟೀಚರಮ್ಮನ ಭುಜದ ಆಪರೇಶನ್, ಪೂರ್ತಿ ಪ್ರಕರಣ

ವಯಸ್ಸಾದವರು ಬಿದ್ದು ಭುಜದ ಹತ್ತಿರ ರಟ್ಟೆ ಮೂಳೆ ಮುರಿದುಕೊಂಡಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ. ಆಪರೇಶನ್ ಬೇಕಾ, ಬೇಡವಾ? ನಾನು ಫಿಸಿಯೋಥೆರಪಿಸ್ಟ್, ತುಮಕೂರಿನಲ್ಲಿ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ನಾನು ನೋಡುವ ಇಂಥ ಭುಜಗಳಲ್ಲಿ ಹೆಚ್ಚಿನವಕ್ಕೆ ಆಪರೇಶನ್ ಬೇಕಿರುವುದಿಲ್ಲ. ಕೆಲವು ವಾರ ಆರ್ಮ್ ಪೌಚ್ (ಕೈಯನ್ನು ಕುತ್ತಿಗೆಯಿಂದ ತೂಗಿ ಹಿಡಿಯುವ ಚೀಲ), ಆಮೇಲೆ ವ್ಯಾಯಾಮ, ಅಷ್ಟೇ ಸಾಕು. ಈ ಪ್ರಕರಣದಲ್ಲಿ ಮಾತ್ರ ಬೇಕಾಗಿತ್ತು. ಯಾಕೆ ಬೇಕಾಯಿತು, ಯಾರು ಹೇಗೆ ತೀರ್ಮಾನ ಮಾಡಿದರು, ಆಮೇಲೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ಬೀದಿಯವರೆಲ್ಲ ಟೀಚರಮ್ಮ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಪ್ರೈಮರಿ ಶಾಲೆಯಿಂದ ನಿವೃತ್ತರು, ವಯಸ್ಸು 74. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ತಪ್ಪಿಸುವವರಲ್ಲ. ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗಡೆ ಕೈ ಕಾಲು ಸೋತಿವೆ. ಅವರನ್ನು ಮಂಚದಿಂದ ಎಬ್ಬಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಎಲ್ಲಾ ಟೀಚರಮ್ಮನೇ. ಮಗ ಬೆಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ.

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಪಾಚಿ ಕಟ್ಟಿದ ಕಡಪಾ ಕಲ್ಲಿನ ಮೇಲೆ ಕಾಲು ಜಾರಿ ಎಡಗಡೆಗೆ ಬಿದ್ದರು. ಕೈ ಎತ್ತಲು ಆಗಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಒಂದು ಎಕ್ಸ್‌ರೇ ತೆಗೆದರು, ಪೌಚ್ ಹಾಕಿದರು, ನೋವಿನ ಮಾತ್ರೆ ಕೊಟ್ಟರು, ಮೂರು ವಾರ ಬಿಟ್ಟು ಬನ್ನಿ ಅಂದರು. ಪೌಚ್ ಹಾಕಿದ್ದು ತಪ್ಪಲ್ಲ, ಶುರುವಿನಲ್ಲಿ ಎಲ್ಲರಿಗೂ ಅದೇ. ಆದರೆ ಒಂದೇ ದಿಕ್ಕಿನಿಂದ ತೆಗೆದ ಎಕ್ಸ್‌ರೇಯಲ್ಲಿ ಈ ಮುರಿತ ಪೂರ್ತಿ ಕಾಣುವುದಿಲ್ಲ. ಭುಜ ಕೀಲಿನಿಂದ ಹಿಂದಕ್ಕೆ ಜಾರಿದೆಯಾ, ಮೂಳೆಯ ತಲೆ ಸೀಳಿದೆಯಾ ಅನ್ನುವುದು ಪಕ್ಕದಿಂದ ತೆಗೆದ ಚಿತ್ರದಲ್ಲೇ ಗೊತ್ತಾಗುವುದು.

ಮೂರನೇ ದಿನಕ್ಕೆ ರಟ್ಟೆಯಿಂದ ಮೊಣಕೈವರೆಗೆ, ಎದೆಯ ಪಕ್ಕಕ್ಕೂ ಕಪ್ಪು ನೀಲಿ ಬಣ್ಣ ಇಳಿಯಿತು. ಮನೆಯವರು ಗಾಬರಿಯಾದರು. ಒಳಗೆ ಸೋರಿದ ರಕ್ತ ಕೆಳಕ್ಕೆ ಇಳಿಯುವುದು ಅದು, ಈ ಮುರಿತದಲ್ಲಿ ಸಾಮಾನ್ಯ. ಪಕ್ಕದ ಮನೆಯವರು ಪುತ್ತೂರು ಕಟ್ಟಿಗೆ ಕರೆದುಕೊಂಡು ಹೋಗೋಣ ಅಂದರು, ಒಬ್ಬ ನೆಂಟರು ಎಣ್ಣೆ ನೀವಿಸಿ ಅಂದರು. ಆಗಲೇ ಮಗ ನನಗೆ ಫೋನ್ ಮಾಡಿದ್ದು. ನೀವುವುದು ಬೇಡವೇ ಬೇಡ ಅಂದೆ. ಭುಜದ ಸುತ್ತ ನರ, ರಕ್ತನಾಳ ಎಲ್ಲಾ ಮೂಳೆಗೆ ಅಂಟಿಕೊಂಡೇ ಹೋಗುತ್ತವೆ, ಚೂರಾದ ಮೂಳೆಯನ್ನು ಎಳೆದು ನೀವಿದರೆ ಅವಕ್ಕೆ ಪೆಟ್ಟಾಗಬಹುದು.

ನಾನು ಹೋಗಿ ನೋಡಿದಾಗ ರಟ್ಟೆಯ ಹೊರಮೈಯಲ್ಲಿ, ಅಂಗೈಯಗಲದ ಜಾಗದಲ್ಲಿ ಮುಟ್ಟಿದ್ದು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅದು ಆಕ್ಸಿಲರಿ ನರದ ಜಾಗ. ಭುಜಕ್ಕೆ ಹೊದಿಕೆಯಂತಿರುವ ಡೆಲ್ಟಾಯ್ಡ್ ಸ್ನಾಯುವನ್ನು ನಡೆಸುವ ನರ ಅದೇ. ಈ ಮುರಿತದಲ್ಲಿ ಆ ನರಕ್ಕೆ ಎಳೆತ ಬೀಳುವುದು ಜಾಸ್ತಿ, ಹೆಚ್ಚಿನವು ತಾವೇ ಸುಧಾರಿಸುತ್ತವೆ. ಕೈ ಅಲ್ಲಾಡಿಸದೆ ಮೊಣಕೈಯನ್ನು ನನ್ನ ಅಂಗೈಗೆ ಸುಮ್ನೆ ಒತ್ತಿ ಅಂದೆ. ಬೆರಳಿಟ್ಟು ನೋಡಿದರೆ ಸ್ನಾಯು ಬಿಗಿಯುತ್ತಿತ್ತು. ಅಂದರೆ ನರ ಪೂರ್ತಿ ಸತ್ತಿಲ್ಲ. ಇದನ್ನು ಚೀಟಿಯಲ್ಲಿ ಬರೆದುಕೊಟ್ಟು, ಭುಜವನ್ನೇ ಜಾಸ್ತಿ ನೋಡುವ ಸರ್ಜನ್ ಹತ್ತಿರ ಹೋಗಿ ಅಂದೆ. ಯಾಕೆ ಅಂದರೆ, ಮುಂದೆ ಕೀಲು ಬದಲಿಸುವ ಮಾತು ಬಂದರೆ ಎಲ್ಲಾ ನಿಂತಿರುವುದು ಈ ಒಂದು ಸ್ನಾಯುವಿನ ಮೇಲೆ.

ಬೆಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರು. ಮೂಳೆ ನಾಲ್ಕು ಭಾಗ ಆಗಿತ್ತು. ಚಾರ್ಲ್ಸ್ ನೀರ್ ಎಂಬ ಅಮೆರಿಕದ ಸರ್ಜನ್ 1970ರಲ್ಲಿ ಮಾಡಿದ ವಿಂಗಡಣೆಯನ್ನೇ ಈಗಲೂ ಹೆಚ್ಚಾಗಿ ಬಳಸುತ್ತಾರೆ. ಮೂಳೆಯ ತಲೆ, ಸ್ನಾಯುಗಳು ಅಂಟುವ ಎರಡು ಉಬ್ಬುಗಳಾದ ದೊಡ್ಡ ಗಂಟು ಮತ್ತು ಸಣ್ಣ ಗಂಟು, ಕೆಳಗಿನ ದಂಡ, ಹೀಗೆ ನಾಲ್ಕು. ಒಂದು ಚೂರು ಇನ್ನೊಂದರಿಂದ 1 ಸೆಂಟಿಮೀಟರ್‌ಗಿಂತ ಜಾಸ್ತಿ ದೂರ ಹೋಗಿದ್ದರೆ ಅಥವಾ 45 ಡಿಗ್ರಿಗಿಂತ ಜಾಸ್ತಿ ತಿರುಗಿದ್ದರೆ ಅದನ್ನು ಬೇರೆ ಭಾಗ ಎಂದು ಲೆಕ್ಕ. ಮುರಿದ ಗೆರೆ ಎಷ್ಟೇ ಇರಲಿ, ಚೂರು ಜಾಗ ಬಿಟ್ಟಿಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಟೀಚರಮ್ಮನ ಭುಜದಲ್ಲಿ ನಾಲ್ಕೂ ಬೇರೆ, ಅದರ ಮೇಲೆ ತಲೆಯೇ ಎರಡು ಸೀಳು. ದೊಡ್ಡ ಗಂಟನ್ನು ಸ್ನಾಯುಗಳು ಮೇಲಕ್ಕೂ ಹಿಂದಕ್ಕೂ ಎಳೆದುಕೊಂಡು ಹೋಗಿದ್ದವು. ತಲೆಯ ಕೆಳಗೆ ಒಳಬದಿಯಲ್ಲಿ ಸ್ವಲ್ಪ ಮೂಳೆ ಅಂಟಿಕೊಂಡಿದ್ದರೆ ಅದರ ಮೂಲಕ ತಲೆಗೆ ರಕ್ತ ಸಿಗುತ್ತದೆ. ಅದು 8 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತಲೆಗೆ ರಕ್ತ ನಿಲ್ಲುವ ಸಾಧ್ಯತೆ ಜಾಸ್ತಿ. ಇವರಿಗೆ ಅಲ್ಲಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆ ಕೇಳಿದ್ದಕ್ಕೆ ಲೋಹದ ಪ್ಲೇಟ್ ಹಾಕಿ ಸ್ಕ್ರೂನಿಂದ ಜೋಡಿಸೋಣ ಅಂದಿದ್ದರು. ಹೀಗಾಗಿ ಮಗನ ಕೈಯಲ್ಲಿ ಮೂರು ಮಾತು: ಸುಮ್ನೆ ಬಿಡಿ, ಪ್ಲೇಟ್ ಹಾಕಿಸಿ, ಕೀಲು ಬದಲಿಸಿ. ಸರ್ಜನ್ ಭೇಟಿಗೆ ನಾನೂ ಹೋಗಿದ್ದೆ. ಅವರು ಕೇಳಿದರು, "ಬಲಗೈಯವರಾ, ಎಡಗೈಯವರಾ?" ಮಗ, "ಬಲಗೈ ಸಾರ್, ಇದು ಎಡಗೈ ತಾನೆ" ಅಂದರು. ಅದೇ ಮಾತನ್ನು ನೆಂಟರು, ಪಕ್ಕದವರು, ಎಲ್ಲರೂ ಆಗಲೇ ಹೇಳಿ ಮುಗಿಸಿದ್ದರು. ಎಡಗೈ ತಾನೆ, ಬಿಡಿ, ಈ ವಯಸ್ಸಲ್ಲಿ ಕೊಯ್ಯಿಸಿಕೊಳ್ಳೋದು ಯಾಕೆ ಅಂತ.

ಟೀಚರಮ್ಮ ಮಗನ ಕಡೆ ತಿರುಗಿ, "ಏನಪ್ಪ, ಕಕ್ಕಸಿಗೆ ಹೋದರೆ ತೊಳಕೊಳ್ಳೋದು ಯಾವ ಕೈಲಿ?" ಅಂದರು.

ಸರ್ಜನ್ ಕಂಪ್ಯೂಟರ್ ಬಿಟ್ಟು ಇವರ ಕಡೆ ಕುರ್ಚಿ ತಿರುಗಿಸಿ, ಎಡಗೈ ಇನ್ನೇನು ಕೆಲಸ ಮಾಡುತ್ತೆ ಹೇಳಿ ಅಮ್ಮಾ ಅಂದರು. ಅವರು ಒಂದೊಂದಾಗಿ ಹೇಳುತ್ತಾ ಹೋದರು. ತುರುಬು ಕಟ್ಟುವಾಗ ಕೂದಲು ಹಿಡಿಯುವುದು ಎಡಗೈ. ಸೀರೆ ನೆರಿಗೆ ಹಿಡಿಯುವುದು ಎಡಗೈ. ಯಜಮಾನರ ಬಲಗಡೆ ಸೋತಿರುವುದರಿಂದ ಅವರ ಎದುರು ನಿಂತು ಎಬ್ಬಿಸುವಾಗ ಭಾರವೆಲ್ಲ ಬೀಳುವುದು ತಮ್ಮ ಎಡ ಭುಜದ ಮೇಲೆ. ಊಟ ಮಾಡಿಸುವಾಗ ಅವರ ತಲೆ ಹಿಡಿದಿರುವುದು ಎಡಗೈ. ಬೇರೆ ದೇಶದ ಪುಸ್ತಕಗಳಲ್ಲಿ ಬರೆಯುವ ಕೈ ಯಾವುದು ಅನ್ನುವುದಕ್ಕೆ ತೂಕ ಜಾಸ್ತಿ, ನಮ್ಮ ಮನೆಗಳಲ್ಲಿ ಎಡಗೈ ಇಲ್ಲದೆ ಮಾನವಾಗಿ ದಿನ ಕಳೆಯುವುದು ಕಷ್ಟ. ಇದನ್ನು ಕೇಳದೆ ತೀರ್ಮಾನ ಮಾಡಬಾರದು ಅಂತ ನನಗೆ ಬಹಳ ದಿನದಿಂದ ಅನಿಸಿದೆ. ಹೆಂಗಸರು ಸಂಕೋಚಕ್ಕೆ ಹೇಳುವುದಿಲ್ಲ, ಗಂಡುಮಕ್ಕಳಿಗೆ ಹೊಳೆಯುವುದಿಲ್ಲ.

ಸರ್ಜನ್ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ಲೇಟ್ ಇಲ್ಲಿ ನಿಲ್ಲುವುದಿಲ್ಲ. ಸ್ಕ್ರೂ ಹಿಡಿಯಬೇಕಾದ ತಲೆಯೇ ಸೀಳಿದೆ, ಮೂಳೆ ಟೊಳ್ಳು, ರಕ್ತ ಇಲ್ಲದ ತಲೆ ಕ್ರಮೇಣ ಕುಸಿದರೆ ಸ್ಕ್ರೂಗಳ ತುದಿ ಕೀಲಿನೊಳಗೆ ಚುಚ್ಚುತ್ತವೆ. ಆಗ ಎರಡನೇ ಆಪರೇಶನ್. ಸುಮ್ನೆ ಬಿಟ್ಟರೆ ಗಾಯ ಆರುತ್ತದೆ, ನೋವು ನಿಧಾನಕ್ಕೆ ಕಡಿಮೆಯಾಗುತ್ತದೆ. ಆದರೆ ಈ ರೀತಿ ಚದುರಿದ ಭುಜ ಬಿಗಿದುಕೊಂಡು ಕೈ ಎದೆಯ ಮಟ್ಟದಲ್ಲೇ ನಿಲ್ಲುವ ಸಂಭವ ಜಾಸ್ತಿ. ಕೀಲು ಬದಲಿಸಿದರೆ ಕೈ ಮೇಲಕ್ಕೆ ಚೆನ್ನಾಗಿ ಹೋಗುತ್ತದೆ. "ಹಿಂದಕ್ಕೆ ಹೋಗೋದು ಮಾತ್ರ ಕಷ್ಟ ಅಮ್ಮಾ. ನೀವು ಮೊದಲು ಕೇಳಿದಿರಲ್ಲ, ಅದು ಬರುತ್ತೆ ಅಂತ ನಾನು ಮಾತು ಕೊಡಲಾರೆ. ಪ್ರಯತ್ನ ಪಡ್ತೀನಿ." ಇಷ್ಟು ನೇರವಾಗಿ ಹೇಳಿದ್ದಕ್ಕೇ ಟೀಚರಮ್ಮ ಒಪ್ಪಿದರು ಅಂತ ನನ್ನ ನಂಬಿಕೆ. ಯಜಮಾನರನ್ನು ಎತ್ತುವುದು ಇನ್ನು ಮುಂದೆ ಯಾವತ್ತೂ ಬೇಡ ಅಂತಲೂ ಅವತ್ತೇ ಹೇಳಿಬಿಟ್ಟರು.

ಇದರಲ್ಲಿ ಬದಲಿಸುವುದು ಏನು ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಭುಜದಲ್ಲಿ ಗುಂಡು ಇರುವುದು ತೋಳಿನ ಮೂಳೆಯಲ್ಲಿ, ಅದು ಕೂರುವ ಬಟ್ಟಲು ಬೆನ್ನಿನ ರೆಕ್ಕೆ ಮೂಳೆಯಲ್ಲಿ. ಗುಂಡುಕಲ್ಲು ಒರಳಿನಲ್ಲಿ ಕೂತ ಹಾಗೆ ಅಂದುಕೊಳ್ಳಿ, ಆದರೆ ಒರಳು ಬಹಳ ಆಳವಿಲ್ಲದ್ದು. ಗುಂಡು ಜಾರದಂತೆ ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು, ಅವು ಅಂಟಿರುವುದು ಆ ಎರಡು ಗಂಟುಗಳಿಗೆ. ಗಂಟುಗಳೇ ಒಡೆದು ಹೋದರೆ ಹಿಡಿಯುವವರು ಯಾರು? ಮೊದಲು ಇಂಥವರಿಗೆ ತೋಳಿನ ತಲೆಯನ್ನು ಮಾತ್ರ ಲೋಹದ್ದಾಗಿ ಬದಲಿಸುತ್ತಿದ್ದರು. ಗಂಟುಗಳು ಸರಿಯಾಗಿ ಕೂಡಿಕೊಂಡರೆ ಅದು ಚೆನ್ನಾಗಿರುತ್ತಿತ್ತು, ಕೂಡದಿದ್ದರೆ ಕೈ ಮೇಲೇಳುತ್ತಲೇ ಇರಲಿಲ್ಲ. ಫ್ರಾನ್ಸಿನ ದಿಜೋನ್ ಊರಿನ ಸರ್ಜನ್ ಪಾಲ್ ಗ್ರಾಮೋಂ 1985ರಲ್ಲಿ ಗುಂಡು ಮತ್ತು ಬಟ್ಟಲಿನ ಜಾಗ ಅದಲುಬದಲು ಮಾಡಿದರು. ಗುಂಡು ರೆಕ್ಕೆ ಮೂಳೆಗೆ, ಬಟ್ಟಲು ತೋಳಿಗೆ. ಇದರಿಂದ ಕೈ ತಿರುಗುವ ಬಿಂದು ಒಳಕ್ಕೂ ಕೆಳಕ್ಕೂ ಸರಿಯುತ್ತದೆ, ಡೆಲ್ಟಾಯ್ಡ್ ಸ್ನಾಯು ಬಿಗಿಯಾಗಿ ಎಳೆದು ನಿಲ್ಲುತ್ತದೆ, ಅದಕ್ಕೆ ಸನ್ನೆಕೋಲಿನ ಬಲ ಜಾಸ್ತಿ ಸಿಗುತ್ತದೆ. ಕಫ್ ಇಲ್ಲದಿದ್ದರೂ ಡೆಲ್ಟಾಯ್ಡ್ ತಾನೊಂದೇ ಕೈಯನ್ನು ಎತ್ತಬಲ್ಲದು. ಅವರು ಇದನ್ನು ಮಾಡಿದ್ದು ಮೂಲತಃ ಕಫ್ ಹರಿದು ಸವೆದ ಭುಜಗಳಿಗೆ. ವಯಸ್ಸಾದವರ ಮುರಿತಕ್ಕೆ ಬಳಸಲು ಶುರುವಾದದ್ದು ಆಮೇಲೆ.

ಸಂಶೋಧನೆ ಏನು ಹೇಳುತ್ತದೆ ಅಂತ ಮಗ ಕೇಳಿದ್ದರು, ಓದಿಕೊಂಡವರು. ಬ್ರಿಟನ್ನಿನಲ್ಲಿ 250 ಜನರ ಮೇಲೆ ಮಾಡಿ 2015ರಲ್ಲಿ ಪ್ರಕಟವಾದ ಪ್ರೊಫರ್ ಅಧ್ಯಯನದಲ್ಲಿ ಆಪರೇಶನ್ ಆದವರಿಗೂ ಪೌಚ್ ಹಾಕಿಕೊಂಡವರಿಗೂ ಎರಡು ವರ್ಷದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದು ದೊಡ್ಡ ವಿಷಯ. ಅವಸರಕ್ಕೆ ಕೊಯ್ಯುವುದಕ್ಕೆ ಕಡಿವಾಣ ಹಾಕಿದ್ದೇ ಇದು. ಆದರೆ ಅಲ್ಲಿ ಆದ ಆಪರೇಶನ್‌ಗಳಲ್ಲಿ ಹೆಚ್ಚಿನವು ಪ್ಲೇಟ್, ಮತ್ತೆ ಆಪರೇಶನ್ ಆಗಲೇಬೇಕು ಎಂದು ವೈದ್ಯರಿಗೆ ಖಾತ್ರಿಯಿದ್ದವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ನಾರ್ವೆಯಲ್ಲಿ 65ರಿಂದ 85 ವಯಸ್ಸಿನ 124 ಜನರ ಮೇಲೆ ನಡೆದು 2020ರಲ್ಲಿ ಬಂದ ಡೆಲ್ಫಿ ಅಧ್ಯಯನ ಪ್ಲೇಟನ್ನೂ ಈ ಹೊಸ ಕೀಲನ್ನೂ ಎದುರುಬದುರು ಇಟ್ಟಿತು. ನೂರಕ್ಕೆ ಕೊಡುವ ಭುಜದ ಅಂಕದಲ್ಲಿ ಎರಡು ವರ್ಷದ ಹೊತ್ತಿಗೆ ಕೀಲಿಗೆ 68, ಪ್ಲೇಟ್‌ಗೆ 54.6. ಸ್ಪೇನ್‌ನಲ್ಲಿ 80 ದಾಟಿದವರಲ್ಲಿ ಕೀಲನ್ನು ಪೌಚ್ ಜೊತೆ ಹೋಲಿಸಿದಾಗ, 2019ರ ವರದಿಯಂತೆ, ಒಂದು ವರ್ಷಕ್ಕೆ ಲಾಭ ಬಹಳ ಕಡಿಮೆ. ನಾನು ಇವನ್ನೆಲ್ಲ ಒಟ್ಟಿಗೆ ಓದುವುದು ಹೀಗೆ: ವಯಸ್ಸಾದವರಿಗೆ ಕೊಯ್ಯಲೇಬೇಕು ಅಂತಾದರೆ ಪ್ಲೇಟ್‌ಗಿಂತ ಕೀಲು ಮೇಲು. ಕೊಯ್ಯಬೇಕಾ ಅನ್ನುವುದು ಮುರಿತದ ರೀತಿಗೂ ಆ ಮನುಷ್ಯರು ಆ ಕೈಯಲ್ಲಿ ಮಾಡುವ ಕೆಲಸಕ್ಕೂ ಬಿಟ್ಟದ್ದು. ಟೀಚರಮ್ಮನಿಗೆ 88 ಆಗಿದ್ದು, ಎಲ್ಲಾ ಕೆಲಸಕ್ಕೂ ಜನ ಇದ್ದು, ಗಂಟುಗಳು ಅಷ್ಟು ಚದುರದೆ ಇದ್ದಿದ್ದರೆ ನಾನೇ ಪೌಚ್ ಸಾಕು ಅನ್ನುತ್ತಿದ್ದೆ.

ಬಿದ್ದ ಹನ್ನೊಂದನೇ ದಿನ ಆಪರೇಶನ್ ಆಯಿತು. ಅಷ್ಟು ದಿನ ತೆಗೆದುಕೊಂಡಿದ್ದು ಸಕ್ಕರೆ ಹತೋಟಿಗೆ ತರಲು, ಹೃದಯ ಮತ್ತು ಶ್ವಾಸಕೋಶ ನೋಡಿಸಲು. ಕುತ್ತಿಗೆಯ ಪಕ್ಕದಲ್ಲಿ ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ನಿಂದ ಆ ಬದಿಯ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಲವು ಗಂಟೆ ಕೆಲಸ ನಿಲ್ಲಿಸಬಹುದು, ಅದಕ್ಕೇ ಉಸಿರಾಟ ಚೆನ್ನಾಗಿದೆಯಾ ಅಂತ ಮೊದಲೇ ನೋಡಿಕೊಂಡರು. ತುರ್ತೇನಿಲ್ಲ ಈ ಆಪರೇಶನ್‌ಗೆ, ಆದರೆ ಮೂರು ನಾಲ್ಕು ವಾರ ದಾಟಿದರೆ ಗಂಟುಗಳು ಸಿಕ್ಕ ಜಾಗದಲ್ಲಿ ಅಂಟಿ ಕೆಲಸ ಕಷ್ಟವಾಗುತ್ತದೆ. ಖರ್ಚು ಲಕ್ಷಗಳಲ್ಲಿ, ಅದರಲ್ಲಿ ದೊಡ್ಡ ಪಾಲು ಕೀಲಿನದ್ದೇ. ಮಗನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ತಾಯಿಯ ಹೆಸರಿತ್ತು. ಅಡ್ಮಿಟ್ ಆಗುವ ಮೊದಲೇ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆಪರೇಶನ್ ಟಿಪ್ಪಣಿಯಲ್ಲಿ ನಾನು ಹುಡುಕುವುದು ಒಂದೇ ಸಾಲು, ಗಂಟುಗಳನ್ನು ಏನು ಮಾಡಿದರು ಅಂತ. ಕೀಲು ಹಾಕಿ ಗಂಟುಗಳನ್ನು ಹಾಗೇ ಬಿಟ್ಟರೂ ಕೈ ಮೇಲೇಳುತ್ತದೆ, ಆದರೆ ಹೊರಕ್ಕೆ ತಿರುಗುವುದು ಹೋಗುತ್ತದೆ, ಕೀಲು ಜಾರುವ ಅಪಾಯವೂ ಹೆಚ್ಚು. ಇವರಿಗೆ ಎರಡೂ ಗಂಟುಗಳನ್ನು ಗಟ್ಟಿ ದಾರದಿಂದ ಕೀಲಿನ ಸುತ್ತ ಕಟ್ಟಿ, ಒಡೆದ ತಲೆಯಿಂದ ತೆಗೆದ ಮೂಳೆಯನ್ನೇ ಅವುಗಳ ಅಡಿಗೆ ತುಂಬಿದ್ದರು. ಸಣ್ಣ ಗಂಟಿಗೆ ಅಂಟಿದ ಸ್ನಾಯು ಕೈಯನ್ನು ಒಳಕ್ಕೆ ತಿರುಗಿಸುವುದು, ಬೆನ್ನ ಹಿಂದಕ್ಕೆ ಒಯ್ಯುವುದಕ್ಕೂ ಅದು ಬೇಕು. ಅದನ್ನು ಬಿಡದೆ ಕಟ್ಟಿದ್ದು ನೋಡಿ ನನಗೆ ಸಮಾಧಾನವಾಯಿತು.

ಮನೆಗೆ ಬಂದ ಮೇಲೆ ನನ್ನ ಕೆಲಸ. ಸೊಂಟದ ಪಕ್ಕ ಸಣ್ಣ ದಿಂಬಿರುವ ಪೌಚ್, ರಾತ್ರಿ ದಿಂಬು ಒರಗಿಸಿ ಅರೆ ಕೂತು ಮಲಗುವುದು. ಮಾರನೆ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಿದ್ದೆವು. ಭುಜವನ್ನು ತಾವಾಗಿ ಎತ್ತುವುದು ಆರು ವಾರ ಇಲ್ಲ, ಗಂಟು ಕೂಡಬೇಕು. ನಾಲ್ಕನೇ ವಾರದಿಂದ ಮಲಗಿಕೊಂಡು ಬಲಗೈಯಿಂದ ಎಡಗೈಯನ್ನು ಎತ್ತುವುದು. ಆರು ವಾರದ ಎಕ್ಸ್‌ರೇಯಲ್ಲಿ ದೊಡ್ಡ ಗಂಟು ಕೂಡುತ್ತಿರುವುದು ಕಂಡ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸಿದೆವು. ರಟ್ಟೆಯ ಮರಗಟ್ಟಿದ ಜಾಗದಲ್ಲೂ ಅಷ್ಟು ಹೊತ್ತಿಗೆ ಸ್ಪರ್ಶ ಬಂದಿತ್ತು.

ಒಂದೇ ಒಂದು ಕಟ್ಟುನಿಟ್ಟು. ಕುರ್ಚಿಯಿಂದ, ಮಂಚದಿಂದ ಏಳುವಾಗ ಎಡಗೈಯನ್ನು ಹಿಂದಕ್ಕೆ ಊರಿ ತಳ್ಳಬಾರದು. ಕೈ ಹಿಂದೆ, ಮೈಗೆ ಅಂಟಿಕೊಂಡು, ಒಳಕ್ಕೆ ತಿರುಗಿ, ಮೇಲೆ ಭಾರ ಬಿದ್ದರೆ ಈ ಕೀಲು ಜಾರುವುದು ಆ ಭಂಗಿಯಲ್ಲೇ. ತೊಳೆದುಕೊಳ್ಳುವುದೂ ಹತ್ತಿರ ಹತ್ತಿರ ಅದೇ ಭಂಗಿ. ಆದ್ದರಿಂದ ಮೂರು ತಿಂಗಳು ಬಲಗೈ ಮತ್ತು ಜೆಟ್ ಸ್ಪ್ರೇ. ಬಲಗೈಯಲ್ಲಿ ಊಟ ಮಾಡುವವರಿಗೆ ಇದು ಎಷ್ಟು ಮನಸ್ಸಿಗೆ ಒಗ್ಗದ ಮಾತು ಅಂತ ಗೊತ್ತಲ್ವಾ? ಟೀಚರಮ್ಮ ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಕೊನೆಗೆ ಚಮಚ ತರಿಸಿಕೊಂಡರು. ಇದನ್ನು ಯಾವ ಡಿಸ್ಚಾರ್ಜ್ ಹಾಳೆಯಲ್ಲೂ ಬರೆದಿರುವುದಿಲ್ಲ, ಆಪರೇಶನ್‌ಗೆ ಮೊದಲೇ ಕೂರಿಸಿಕೊಂಡು ಮಾತಾಡಬೇಕು.

ಯಜಮಾನರನ್ನು ನೋಡಿಕೊಳ್ಳಲು ಬೆಳಿಗ್ಗೆ ಏಳರಿಂದ ಒಬ್ಬರನ್ನು ಗೊತ್ತುಮಾಡಿದರು. ಮಂಚ ಎತ್ತರಿಸಿದರು, ಅವರ ಸೊಂಟಕ್ಕೆ ಹಿಡಿಕೆ ಇರುವ ಬೆಲ್ಟ್ ಕೊಂಡರು. ಆದರೂ ಮೂರನೇ ತಿಂಗಳು ಒಂದು ಸಂಜೆ ಅವರು ಕುರ್ಚಿಯಿಂದ ವಾಲಿದಾಗ ಟೀಚರಮ್ಮ ತಡೆಯಲಾರದೆ ಎರಡೂ ಕೈಯಲ್ಲಿ ಎಳೆದು ಹಿಡಿದರು. ಯಾರು ತಾನೆ ಹಿಡಿಯದೆ ಇರುತ್ತಾರೆ. ಮರುದಿನದಿಂದ ಭುಜದ ನೆತ್ತಿಯ ಮೂಳೆಯ ಮೇಲೆ, ಒಂದೇ ಬೆರಳಿಟ್ಟು ತೋರಿಸುವ ಜಾಗದಲ್ಲಿ ನೋವು. ಡೆಲ್ಟಾಯ್ಡ್ ಬಿಗಿಯಾಗಿ ಎಳೆಯುವುದರಿಂದ ಟೊಳ್ಳು ಮೂಳೆಯವರಲ್ಲಿ ಆ ನೆತ್ತಿ ಮೂಳೆ ಕೂದಲೆಳೆಯಷ್ಟು ಬಿರುಕು ಬಿಡುವುದುಂಟು, ಎಕ್ಸ್‌ರೇಯಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ವ್ಯಾಯಾಮ ನಿಲ್ಲಿಸಿ ಸರ್ಜನ್‌ಗೆ ಕಳಿಸಿದೆ. ಸಿಟಿ ಸ್ಕ್ಯಾನ್‌ನಲ್ಲಿ ಬಿರುಕಿರಲಿಲ್ಲ. ಮೂರು ವಾರ ಮತ್ತೆ ಪೌಚ್, ನೋವು ಹೋದ ಮೇಲೆ ಮೊದಲಿಂದ ಶುರು.

ಇನ್ನು ನನಗೆ ಈ ಪ್ರಕರಣದಲ್ಲಿ ನಿಜವಾಗಿ ಸಿಟ್ಟು ಬರಿಸಿದ ವಿಷಯ. ಟೀಚರಮ್ಮ ಆರು ವರ್ಷದ ಹಿಂದೆ ಬಲ ಮಣಿಕಟ್ಟು ಮುರಿದುಕೊಂಡಿದ್ದರು. ಈ ವಯಸ್ಸಿನಲ್ಲಿ ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತು ಅಂದರೆ ಸಾಮಾನ್ಯವಾಗಿ ಮೂಳೆ ಟೊಳ್ಳಾಗಿದೆ ಅಂತ ಅರ್ಥ. ಅವತ್ತು ಬ್ಯಾಂಡೇಜ್ ಹಾಕಿ ಬಿಚ್ಚಿದರು, ಕ್ಯಾಲ್ಸಿಯಂ ಮಾತ್ರೆ ಬರೆದರು, ಅಷ್ಟೇ. ಈ ಸಲವೂ ಡಿಸ್ಚಾರ್ಜ್ ಹಾಳೆಯಲ್ಲಿ ಭುಜದ ವಿಷಯ ಪುಟಗಟ್ಟಲೆ ಇತ್ತು, ಮೂಳೆಯ ಬಲದ ಬಗ್ಗೆ ಒಂದು ಸಾಲಿಲ್ಲ. ಭುಜದ ಹತ್ತಿರ ಹೀಗೆ ಮುರಿದುಕೊಂಡವರಿಗೆ ಮುಂದಿನ ಒಂದು ವರ್ಷದಲ್ಲಿ ಸೊಂಟದ ಕೀಲಿನ ಮೂಳೆ ಮುರಿಯುವ ಅಪಾಯ ಬೇರೆಯವರಿಗಿಂತ ಐದು ಪಟ್ಟಿಗೂ ಜಾಸ್ತಿ ಅಂತ ಅಮೆರಿಕದ ಅಧ್ಯಯನವೊಂದು 2009ರಲ್ಲೇ ತೋರಿಸಿದೆ. ಸೊಂಟ ಮುರಿದರೆ ಈ ಮನೆಯಲ್ಲಿ ಇಬ್ಬರೂ ಮಂಚ ಹಿಡಿಯುತ್ತಾರೆ. ಲಕ್ಷಗಟ್ಟಲೆ ಸುರಿದು ಹೊಸ ಕೀಲು ಹಾಕಿಸಿ, ಅದಕ್ಕೆ ಕಾರಣವಾದ ಕಾಯಿಲೆಗೆ ಔಷಧಿ ಬರೆಯದೆ ಮನೆಗೆ ಕಳಿಸುವುದು ನನಗೆ ಒಪ್ಪಲಾಗದ ಮಾತು.

ಮಗನಿಗೆ ಹೇಳಿ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ ಮಾಡಿಸಿದೆ. ಅದರ ಅಂಕಕ್ಕೆ ಟಿ ಸ್ಕೋರ್ ಅನ್ನುತ್ತಾರೆ, ಇವರದ್ದು ಮೈನಸ್ 3.1. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಅನ್ನುತ್ತಾರೆ. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರ್‌ಗೆ 14 ನ್ಯಾನೊಗ್ರಾಂ, ಇರಬೇಕಾದ್ದು ಕನಿಷ್ಠ 20. ಮೊದಲು ವಿಟಮಿನ್ ಡಿ ಸರಿಮಾಡಿ, ಕಿಡ್ನಿ ಪರೀಕ್ಷೆ ಮಾಡಿಸಿ, ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳಿ ಅಂತ ಹೇಳಿ, ಆಮೇಲೆ ಫಿಸಿಶಿಯನ್ ಮೂಳೆ ಸವೆತ ತಡೆಯುವ ಝೊಲೆಡ್ರೋನಿಕ್ ಆಸಿಡ್ ಎಂಬ ಔಷಧಿ 5 ಮಿಲಿಗ್ರಾಂ ಡ್ರಿಪ್‌ನಲ್ಲಿ ಕೊಟ್ಟರು. ವರ್ಷಕ್ಕೆ ಒಂದೇ ಸಲ. ಕೊಟ್ಟ ರಾತ್ರಿ ಜ್ವರ, ಮೈಕೈ ನೋವು ಬಂತು, ಅದು ಬರುವುದುಂಟು, ಪ್ಯಾರಾಸಿಟಮಾಲ್‌ಗೆ ಇಳಿಯಿತು. ಅಂಗಳದ ಕಡಪಾ ಕಲ್ಲು ತೆಗೆಸಿ ಒರಟು ಕಲ್ಲು ಹಾಕಿಸಿದರು, ಬಚ್ಚಲಿನಲ್ಲಿ ಬಲಗಡೆಗೆ ಹಿಡಿಕೆ ಕೂರಿಸಿದರು.

ಈಗ ಒಂದು ವರ್ಷ ದಾಟಿದೆ. ಎಡಗೈ ಮುಂದಕ್ಕೆ 125 ಡಿಗ್ರಿ ಏಳುತ್ತದೆ, ಹೊರಕ್ಕೆ 25 ಡಿಗ್ರಿ ತಿರುಗುತ್ತದೆ. ತುರುಬು ತಾವೇ ಕಟ್ಟುತ್ತಾರೆ, ಮೇಲಿನ ಶೆಲ್ಫಿನಿಂದ ಸಕ್ಕರೆ ಡಬ್ಬಿ ತೆಗೆಯುತ್ತಾರೆ, ಯಜಮಾನರಿಗೆ ಊಟ ಮಾಡಿಸುತ್ತಾರೆ. ರಾತ್ರಿ ಎಡ ಮಗ್ಗುಲಿಗೆ ಹೆಚ್ಚು ಹೊತ್ತು ಮಲಗಲಾಗುವುದಿಲ್ಲ. ಕೈ ಬೆನ್ನ ಹಿಂದೆ ಸೊಂಟದ ಕೆಳಗಿನವರೆಗೆ ಮಾತ್ರ ಹೋಗುತ್ತದೆ, ಸೀರೆ ಹಿಂದೆ ಸಿಗಿಸಲು ಬೇರೆಯವರು ಬೇಕು. ತೊಳೆದುಕೊಳ್ಳುವುದು ಎಂಟನೇ ತಿಂಗಳಿಂದ ಎಡಗೈಯಲ್ಲೇ, ಸ್ವಲ್ಪ ಮುಂದಕ್ಕೆ ಬಾಗಿ ಕೈಯನ್ನು ಮುಂದಿನಿಂದ ತರುವುದನ್ನು ಅಭ್ಯಾಸ ಮಾಡಿಸಿದ್ದೆ. ಕೊಡಪಾನ ಎತ್ತುವ ಹಾಗಿಲ್ಲ, ಯಜಮಾನರನ್ನು ಎತ್ತುವ ಹಾಗಂತೂ ಇಲ್ಲವೇ ಇಲ್ಲ. ಅದೊಂದು ಅವರಿಗೆ ಇನ್ನೂ ನೋವಿನ ಮಾತು. "ನಾನಿದ್ದೂ ಇನ್ನೊಬ್ಬರ ಕೈಲಿ ಮಾಡಿಸ್ಬೇಕಲ್ಲಮ್ಮ" ಅಂತ ಆಗಾಗ ಅನ್ನುತ್ತಾರೆ.

ಎಕ್ಸ್‌ರೇಯಲ್ಲಿ ದೊಡ್ಡ ಗಂಟು ಕೂಡಿದೆ, ಕೀಲು ಅಲುಗಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ಎರಡನೇ ಡ್ರಿಪ್‌ಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಮತ್ತು ವಿಟಮಿನ್ ಡಿ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಈ ಸಲ ರಕ್ತ ಕೊಡಲು ಮಗ ಬರುವುದನ್ನು ಕಾಯುವುದಿಲ್ಲವಂತೆ, ಆಟೋ ಹಿಡಿದು ತಾವೇ ಹೋಗುತ್ತಾರಂತೆ.